ಮೈಕಿನಿಂದ ಮೊಳ ದೂರ

ಹನುಮಂತನಗರದ ಈ ಸಭಾಂಗಣಕ್ಕೆ
ಹತ್ತೊಂಬತ್ತು ವರ್ಷದಿಂದ ವೈರು ಹಾಸುವವನು ನಾನು.
ಮಂತ್ರಿಗಳ ಕೆಮ್ಮು, ಹರಿಕಥೆಯವರ ಸೀನು,
ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರುಗಳು,
ಎಲ್ಲ ನನ್ನ ಈ ಗುಂಡಿಗಳ ಅಡಿಯಿಂದಲೇ ಹಾದುಹೋಗಿವೆ.

ಆದರೆ ಆರ್ಕಿಟೆಕ್ಟ್ ನೇಮಿರಾಜ ಇಂದ್ರರನ್ನು
ಮಾತುಗಾರರು ಅನ್ನಬಹುದೋ ಇಲ್ಲವೋ
ಇನ್ನೂ ಇತ್ಯರ್ಥವಾಗಿಲ್ಲ.

ಅವತ್ತಿನ ವಿಷಯ: ಹಳೇ ತರಕಾರಿ ಮಾರ್ಕೆಟ್ಟು,
ಕೆಡವುವುದೋ ಉಳಿಸುವುದೋ.
ಕುರ್ಚಿ ಸಾಲದೆ ಪಕ್ಕದ ಛತ್ರದಿಂದ ತರಿಸಿದ್ದರು.
ಹೊರಗೆ ಮುಚ್ಚಿಟ್ಟ ಕೇಸರಿಬಾತು ಕಾಯುತ್ತಿತ್ತು.

ಬಂದರು. "ಬಾಗಿಲು" ಅಂದರು.
ನಿಂತರು.

ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು.
ವೈರು ಕಿತ್ತಿತೇನೋ ಅಂತ ಮೇಜಿನಡಿ ತೂರಿ
ನಾನು ತಡಕಾಡುತ್ತಿರುವಾಗ ಮೇಲಿಂದ
"ಅಂದರೆ ಬರೀ ತೂತಲ್ಲ" ಅಂತ ಕೇಳಿಸಿತು.

ಎರಡನೇ ವಾಕ್ಯಕ್ಕೂ ಮೂರನೆಯದಕ್ಕೂ ನಡುವೆ
ಒಂದು ಬಸ್ಸು ಗೇರು ಬದಲಿಸಿ ಏರು ಹತ್ತಿ ಹೋಯಿತು.
ಆಮೇಲೆ ಗಾಳಿಯಲ್ಲಿ ಎರಡೂ ಕೈಯಿಂದ ಕಮಾನು ಕಟ್ಟಿ,
ತಲೆ ತಗಲೀತೆಂದು ಬಗ್ಗಿ,
ಅದರ ಕೆಳಗೆ ನಡೆದು ಆಚೆ ಹೋಗಿಯೇಬಿಟ್ಟರು.
ಮೈಕು ಈಚೆ ಉಳಿಯಿತು.

"ಜೋರಾಗೀ!" ಕೊನೇ ಸಾಲಿನಿಂದ.

ನಾನು ನಿಲ್ಲುವುದು ಗೋಡೆಗೊತ್ತಿ;
ನನಗೆ ಕಾಣುವುದು ಜನರ ಮುಖ.
ನಿವೃತ್ತ ಇಂಜಿನಿಯರು ಶೇಷಗಿರಿರಾಯರು
ಡೈರಿಯಲ್ಲಿ ತಾರೀಖು ಬರೆದು
ಪೆನ್ನಿನ ಕ್ಯಾಪು ಹಾಕಿಬಿಟ್ಟಿದ್ದರು.
ಕಾರ್ಪೊರೇಷನ್ ಅಧಿಕಾರಿಯ ಗದ್ದಕ್ಕೆ
ಫೈಲಿನ ಮರೆಯ ಮೊಬೈಲಿಂದ ನೀಲಿ ಬೆಳಕು.
ಕಾಲೇಜಿನ ಹುಡುಗಿಯರಿಬ್ಬರು ಮೌನಗಳನ್ನು
ಬೆರಳಲ್ಲಿ ಎಣಿಸುತ್ತಿದ್ದರು: "ಹದಿನೇಳು ಕಣೇ."
ಯಾರದೋ ತೊಡೆಯ ಮೇಲಿನ ಮಗು ಮಾತ್ರ
ತಾನೂ ಒಂದು ಕಮಾನು ಕಟ್ಟಿತು.
ಬಾಗಿಲ ಹತ್ತಿರ ಹೂವಿನ ಮುನಿಲಕ್ಷ್ಮಮ್ಮ
ಗಂಟು ಹಾಕುತ್ತಿದ್ದ ದಾರವನ್ನು
ಹಲ್ಲಲ್ಲಿ ಕಚ್ಚಿ ಹಾಗೇ ಹಿಡಿದಿದ್ದಳು.

ಅಷ್ಟರಲ್ಲಿ ವೇದಿಕೆ ಇಳಿದು ನನ್ನ ಮೇಜಿಗೇ ಬಂದರು.
"ಇದನ್ನ ಆರಿಸ್ತೀರಾ?"
ಆರಿಸು ಅಂದವರು ಈವರೆಗೆ ಯಾರೂ ಇಲ್ಲ.
ಬಾಣಸಿಗನಿಗೆ ಒಲೆ ಆರಿಸು ಅಂದಂತಾಯಿತು.
ಆರಿಸಿದೆ.

ಒಂದೇ ಒಂದು ಚಪ್ಪಾಳೆ ತಟ್ಟಿದರು.
ಅದು ಮಾಡಿಗೆ ಹೋಗಿ ಮರಳಿ ಬಂತು.
ತುಸು ತಡವಾಗಿ, ಎಡಗಡೆಯಿಂದ, ಇನ್ನೊಂದು,
ದಾರಿ ತಪ್ಪಿದ್ದು, ಕುಂಟುತ್ತಾ.

"ಕೇಳಿಸ್ತಾ?"
ಅರ್ಧ ಜನ ಹೂಂ, ಅರ್ಧ ಜನ ಊಹೂಂ.
"ಇದು ಸಭೆಯೋ ಸರ್ಕಸ್ಸೋ" ಅಂದರು ರಾಯರು,
ಮೈಕಿಲ್ಲದ್ದರಿಂದ ಎಲ್ಲರಿಗೂ ಕೇಳುವ ಹಾಗೆ.

ಆಗ ಎದ್ದವನು ಅದೇ ಕೊನೇ ಸಾಲಿನ ಜೋರಾಗೀ.
ಗಾರೆ ಕೆಲಸದ ಪಿಳ್ಳಪ್ಪ.
"ಎಡಗಡೆ ತೊಲೆ ಸ್ವಾಮಿ.
ಸಿಮೆಂಟು ಅರ್ಧಕ್ಕೇ ಮುಗುದೋಗಿತ್ತು.
ಮಾರನೇ ದಿನ ಸೇರಿಸಿದ್ವಿ.
ಯಾರ್ಗೂ ಗೊತ್ತಾಗಲ್ಲ ಅಂದಿದ್ದ ಮೇಸ್ತ್ರಿ."

ಇಂದ್ರರು ತೊಲೆ ನೋಡಿದರು, ಪಿಳ್ಳಪ್ಪನನ್ನು ನೋಡಿದರು.
ಏನೂ ಅನ್ನಲಿಲ್ಲ.
"ಇಪ್ಪತ್ತೆರಡು" ಅಂದಳು ಹುಡುಗಿ, ಈ ಸಲ ಪಿಸುಮಾತಲ್ಲಿ.

ಕೇಸರಿಬಾತಿನ ಸಾಲಿನಲ್ಲಿ:
"ಮಾರ್ಕೆಟ್ಟಿನ ಸುದ್ದಿಯೇ ಎತ್ತಲಿಲ್ಲವಲ್ರೀ."
"ಮತ್ತಿನ್ನೇನು ಹೇಳಿದ್ದು ಅವರು?"
"ದ್ರಾಕ್ಷಿ ಕಮ್ಮಿ ಹಾಕಿದಾರೆ."
"ಮಾತು ಚೌಕಾಸಿ" ಅಂದಳು ಮುನಿಲಕ್ಷ್ಮಮ್ಮ,
"ಮೊಳ ಧಾರಾಳ."

ಪಿಳ್ಳಪ್ಪ ತಿನ್ನದೆ ಹೋಗಿದ್ದ.

ಬಿಲ್ಲು ಬರೆಯಲು ಕೂತೆ. ಒಂದೂವರೆ ಗಂಟೆ.
ಆರಿಸಿದ್ದ ಹನ್ನೊಂದು ನಿಮಿಷ ಕಳೆಯಬೇಕೋ ಬೇಡವೋ?
ಹಾಗೇ ಬಿಟ್ಟು, ವೈರು ಸುತ್ತಿ,
ಲೈಟು ಆರಿಸುವ ಮೊದಲು ಒಂದು ಚಪ್ಪಾಳೆ ತಟ್ಟಿದೆ.
ಮಾಡಿನದು ಬಂತು.

ಎಡಗಡೆಯದು ಬರುವಷ್ಟರಲ್ಲಿ
ವಾಚ್‌ಮನ್ನು "ಯಾರ್ ಅದು?" ಅಂದ.